ಮಕ್ಕಳ ಮುಂದಿನ ಓದು: ಆಲೋಚನೆಗೆ ತಕ್ಕ ಕಾಲ

ಕಳೆದ ಕಾರ್ತಿಕಮಾಸದ ಒಂದು ಸಾಯಂಕಾಲ, ಯಲಹಂಕ ಉಪನಗರದ ನಮ್ಮ ಮನೆಗೆ ಪರಿಚಿತರಾದ ದಂಪತಿಗಳು ತಮ್ಮ ಮಗಳೊಡನೆ ದಯಮಾಡಿಸಿದ್ದರು. ಕುಶಲಪ್ರಶ್ನೆಗಳು ಮುಗಿದು ಕಾಫಿಯಾದ ಮೇಲೆ ಆ ಗೃಹಸ್ಥರು ಮೆಲ್ಲನೆ ವಿಷಯಕ್ಕೆ ಬಂದರು. “ಮೇಷ್ಟ್ರೆ, ನಮ್ಮ ಪಕ್ಕದ ಮನೆಯವರು ಮಗನ ಪಿ.ಯು.ಸಿ. ಸೀಟಿಗೆ ಈಗಲೇ ಮುಂಗಡ ಕಟ್ಟಿ ಬಂದರು. ಆ ಹುಡುಗನ ಹತ್ತನೆಯ ತರಗತಿಯ ಪಾಠಗಳೇ ಇನ್ನೂ ಮುಗಿದಿಲ್ಲ. ನಮ್ಮವಳು ಒಂಬತ್ತರಲ್ಲಿದ್ದಾಳೆ. ನಾವು ತಡಮಾಡಿಬಿಟ್ಟೆವೇನೋ ಎಂದು ಇವಳಿಗೆ ರಾತ್ರಿ ನಿದ್ರೆಯಿಲ್ಲ” ಎಂದರು. ಆಕೆಯು ಹೌದೆಂಬಂತೆ ತಲೆಯಾಡಿಸಿದರು. ಹುಡುಗಿಯು ಮೂಲೆಯ ಕುರ್ಚಿಯಲ್ಲಿ ಕುಳಿತು ಕೈಯ ಬಳೆಯನ್ನು ತಿರುಗಿಸುತ್ತಿದ್ದಳು. “ನಿನಗೆ ಯಾವುದರಲ್ಲಿ ಇಷ್ಟವಮ್ಮ?” ಎಂದು ನಾವು ಕೇಳಲು, ಅವಳು ನಮ್ಮನ್ನು ನೋಡದೆ ತಾಯಿಯ ಮುಖವನ್ನು ನೋಡಿದಳು.

ಈ ಪ್ರಶ್ನೆಯು ಆ ಒಂದು ಮನೆಯದಲ್ಲ. ಹದಿನಾಲ್ಕು ಹದಿನೈದರ ಮಕ್ಕಳಿರುವ ಮನೆಮನೆಯಲ್ಲಿಯೂ ಈಗ ಇದೇ ಮಾತು. ಆದಕಾರಣ ಈ ತಿಂಗಳು ಇದನ್ನೇ ವಾಚಕರ ಮುಂದಿಡುವುದು ಉಚಿತವೆಂದು ಭಾವಿಸಿದೆವು.

ನಮ್ಮ ಹಿರಿಯರ ಕಾಲದಲ್ಲಿ ಈ ಚಿಂತೆಯು ಇರಲಿಲ್ಲ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾದ ಮೇಲೆಯೂ ಬಹುಕಾಲ ಕಾಲೇಜುಗಳು ಕೆಲವೇ. ಇಂಟರ್‌ಮೀಡಿಯೆಟ್ ತರಗತಿಗೆ ಹೋಗುವ ಹುಡುಗರೂ ಕೆಲವರೇ. ಹಳ್ಳಿಯಿಂದ ಪಟ್ಟಣಕ್ಕೆ ಬಂದ ಬಡ ವಿದ್ಯಾರ್ಥಿಗೆ ಯಾವ ಕಾಲೇಜೆಂಬ ಚಿಂತೆಗಿಂತ, ಯಾರ ಮನೆಯಲ್ಲಿ ಯಾವ ವಾರದ ಊಟವೆಂಬ ಚಿಂತೆಯೇ ಹೆಚ್ಚಾಗಿತ್ತು. ಈಗ ದಾರಿಗಳು ಹಲವು. ಹಲವು ದಾರಿಗಳಿರುವಲ್ಲಿ ತಪ್ಪುವ ಭಯವೂ ಹಲವು ಬಗೆಯದು. ಆದರೆ ಭಯವು ಬೇರೆ, ಮುಂದಾಲೋಚನೆಯು ಬೇರೆ. ನಮ್ಮವರಲ್ಲಿ ಎರಡು ಗಾದೆಗಳುಂಟು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬುದು ಒಂದು. ಕೂಸು ಹುಟ್ಟುವ ಮುನ್ನವೇ ಕುಲಾವಿ ಹೊಲಿಸಿದರು ಎಂಬುದು ಇನ್ನೊಂದು. ಫಲಿತಾಂಶವು ಬಂದ ಮೇಲೆ ಕಣ್ಣುಬಿಡುವ ತಂದೆಯು ಮೊದಲನೆಯ ಗಾದೆಗೆ ಸೇರಿದವನು. ಫಲಿತಾಂಶಕ್ಕೆ ಆರು ತಿಂಗಳ ಮೊದಲೇ ಹಣ ಕಟ್ಟುವವನು ಎರಡನೆಯದಕ್ಕೆ. ಆಲೋಚನೆಯನ್ನು ಬೇಗ ಆರಂಭಿಸಬೇಕು, ಹಣವನ್ನು ತಡವಾಗಿ ಕಟ್ಟಬೇಕು—ಇದೇ ನಾವು ಹೇಳತಕ್ಕ ಮಾತು.

ಮೊದಲು ಕಾಲದ ಲೆಕ್ಕವನ್ನು ನೋಡೋಣ. 2025ರಲ್ಲಿ ನಮ್ಮ ರಾಜ್ಯದ ಎಸ್.ಎಸ್.ಎಲ್.ಸಿ. ಮೊದಲ ಪರೀಕ್ಷೆಯು ಮಾರ್ಚ್ 21ಕ್ಕೆ ಆರಂಭವಾಗಿ ಏಪ್ರಿಲ್ 4ಕ್ಕೆ ಮುಗಿಯಿತು. ಫಲಿತಾಂಶವು ಮೇ 2ರಂದು ಪ್ರಕಟವಾಯಿತು. ಸಿ.ಬಿ.ಎಸ್.ಇ. ಹತ್ತನೆಯ ತರಗತಿಯ ಫಲಿತಾಂಶವು ಮೇ 13ರಂದು ಬಂದಿತು. ಫಲಿತಾಂಶವಾದ ಕೂಡಲೇ ಕಾಲೇಜುಗಳಲ್ಲಿ ಅರ್ಜಿಗಳು. ಅರ್ಜಿಯಾದ ಕೆಲವೇ ದಿನಗಳಲ್ಲಿ ಆಯ್ಕೆಪಟ್ಟಿ. ಅರ್ಜಿಯನ್ನು ಬರೆಯುವುದಕ್ಕೆ ಈ ಕಾಲವು ಸಾಕು. ಆದರೆ ಹುಡುಗನು ಯಾವ ಸ್ವಭಾವದವನು, ಯಾವ ಶಾಸ್ತ್ರವು ಅವನಿಗೆ ಹಿಡಿಸೀತು, ಮನೆಯ ಶಕ್ತಿಯೆಷ್ಟು ಎಂಬಿವನ್ನು ನಿರ್ಣಯಿಸುವುದಕ್ಕೆ ಈ ಕಾಲವು ಯಾತಕ್ಕೂ ಸಾಲದು. ಆ ಕೆಲಸಕ್ಕೆ ಒಂಬತ್ತನೆಯ ತರಗತಿಯೇ ತಕ್ಕ ಕಾಲ.

ಒಂಬತ್ತರಲ್ಲಿ ಮಾಡತಕ್ಕದ್ದೇನು? ಕಾಲೇಜನ್ನು ಹುಡುಕುವುದಲ್ಲ, ಮಗುವನ್ನು ಗಮನಿಸುವುದು. ಯಾವ ಪುಸ್ತಕವನ್ನು ಹೇಳಿಸಿಕೊಳ್ಳದೆ ತೆಗೆಯುತ್ತಾನೆ, ಯಾವ ಲೆಕ್ಕವು ಬಾರದಿದ್ದರೂ ಬಿಡದೆ ಕುಳಿತಿರುತ್ತಾನೆ, ಅಂಗಡಿಯ ಲೆಕ್ಕವನ್ನು ಬಾಯಲ್ಲಿ ಹೇಳುತ್ತಾನೆಯೆ, ಕೆಟ್ಟ ಯಂತ್ರವನ್ನು ಕಂಡರೆ ಕೈ ಚಾಚುತ್ತಾನೆಯೆ—ಇವೇ ಸೂಚನೆಗಳು. ಅಂಕಪಟ್ಟಿಯು ಅವನು ಎಷ್ಟು ಬರೆದನೆಂಬುದನ್ನು ಹೇಳೀತೇ ಹೊರತು ಏನನ್ನು ಪ್ರೀತಿಸುತ್ತಾನೆಂಬುದನ್ನು ಹೇಳಲಾರದು. ಅದನ್ನು ಮನೆಯವರೇ ನೋಡಿ ತಿಳಿಯಬೇಕು. ಅದಕ್ಕಿಂತ ಸುಲಭವಾದುದು, ಅವನನ್ನೇ ಕೇಳುವುದು.

ಇಲ್ಲಿ ನಮ್ಮದೇ ಒಂದು ಅಪರಾಧವನ್ನು ವಾಚಕರ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ನಮ್ಮ ಹಿರಿಯ ಮಗನು 2008ರಲ್ಲಿ ಪ್ರಥಮ ದರ್ಜೆಯಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದನು. ಕೆಟ್ಟ ಗಡಿಯಾರ, ಕೆಟ್ಟ ಇಸ್ತ್ರಿಪೆಟ್ಟಿಗೆ, ನೆರೆಮನೆಯ ಮಿಕ್ಸಿ ಇವುಗಳನ್ನು ಬಿಚ್ಚಿ ಜೋಡಿಸುವುದೇ ಅವನಿಗೆ ವಿನೋದವಾಗಿತ್ತು. ನಮಗೋ, ಮನೆತನದಲ್ಲಿ ಒಬ್ಬನಾದರೂ ವೈದ್ಯನಾಗಲಿ ಎಂಬ ಆಸೆ. ಪಿ.ಯು.ಸಿ. ಅರ್ಜಿಯಲ್ಲಿ ಪಿ.ಸಿ.ಎಂ.ಬಿ. ಎಂದು, ಅಂದರೆ ಭೌತ, ರಸಾಯನ, ಗಣಿತ, ಜೀವಶಾಸ್ತ್ರಗಳೆಂದು, ನಮ್ಮ ಕೈಯಿಂದಲೇ ಬರೆದೆವು. ಅವನು ಮರುಮಾತಾಡಲಿಲ್ಲ, ಅದನ್ನು ಒಪ್ಪಿಗೆಯೆಂದು ತಿಳಿದೆವು. ಎರಡು ವರ್ಷಗಳ ತರುವಾಯ ಎರಡು ವಿಷಯಗಳಲ್ಲಿ ಅನುತ್ತೀರ್ಣನಾಗಿ ಬಂದನು. ಆ ಬೇಸಗೆಯಲ್ಲಿ ನಮ್ಮ ಮನೆಯಲ್ಲಿ ತಟ್ಟೆಯ ಸಪ್ಪಳದ ಹೊರತು ಬೇರೆ ಸಪ್ಪಳವಿರಲಿಲ್ಲ. ಕಡೆಗೆ ಪಾಲಿಟೆಕ್ನಿಕ್ಕಿಗೆ ಸೇರಿ, ಯಂತ್ರವಿದ್ಯೆಯ ಡಿಪ್ಲೊಮಾ ಮಾಡಿ, ಈಗ ಪೀಣ್ಯದ ಒಂದು ಕಾರ್ಖಾನೆಯಲ್ಲಿ ನೆಮ್ಮದಿಯಿಂದಿದ್ದಾನೆ. ಅವನು ನಮ್ಮನ್ನು ಎಂದೂ ದೂಷಿಸಿದವನಲ್ಲ. ಒಂದು ಸಲ ಮಾತ್ರ, ಯಾವುದೋ ಮಾತಿನ ನಡುವೆ, “ಅಪ್ಪ, ಆವತ್ತು ನೀವು ಕೇಳಿದ್ದರೆ ಹೇಳುತ್ತಿದ್ದೆ” ಎಂದನು. ಮೂವತ್ತೈದು ವರ್ಷ ಪರರ ಮಕ್ಕಳಿಗೆ ಬುದ್ಧಿ ಹೇಳಿದ ನಾವು ನಮ್ಮ ಮಗನನ್ನು ಒಂದು ಪ್ರಶ್ನೆ ಕೇಳದೆ ಹೋದೆವು!

ಅದು ಹಾಗಿರಲಿ. ಯಾವ ದಾರಿಯು ಎಲ್ಲಿಗೆ ಹೋಗುತ್ತದೆಂಬುದನ್ನು ಮನೆಯವರು ಸಂಕ್ಷೇಪವಾಗಿ ತಿಳಿದಿರಬೇಕು. ಪಿ.ಯು.ಸಿ.ಯು ಎರಡು ವರ್ಷದ್ದು. ಎರಡು ಭಾಷೆಗಳು, ನಾಲ್ಕು ಐಚ್ಛಿಕ ವಿಷಯಗಳು. ವೈದ್ಯವಿದ್ಯೆಗೆ ಹೋಗಬೇಕೆಂಬವರಿಗೆ ಜೀವಶಾಸ್ತ್ರವು ಅವಶ್ಯಕ. ಅದರ ಮೇಲೆ ನೀಟ್ ಪರೀಕ್ಷೆ. ಎಂಜಿನಿಯರಿಂಗಿಗೆ ಗಣಿತವಿಲ್ಲದೆ ನಡೆಯದು, ಸಿ.ಇ.ಟಿ. ಮೂಲಕ ಹೋಗುವವರ ಸ್ಥಾನವನ್ನು ಪಿ.ಯು. ಅಂಕಗಳಿಗೆ ಅರ್ಧ, ಪ್ರವೇಶಪರೀಕ್ಷೆಯ ಅಂಕಗಳಿಗೆ ಅರ್ಧ ಬೆಲೆ ಕಟ್ಟಿ ನಿರ್ಣಯಿಸುತ್ತಾರೆ. ಆದಕಾರಣ ಕಾಲೇಜಿನ ಪಾಠವನ್ನು ಕಡೆಗಣಿಸಿ ಪ್ರವೇಶಪರೀಕ್ಷೆಯ ತರಬೇತಿಯನ್ನೇ ನೆಚ್ಚುವುದು ಒಂದು ಕಾಲಿನಲ್ಲಿ ನಡೆಯುವ ಹಾಗೆ. ಲೆಕ್ಕಪರಿಶೋಧಕನಾಗಬೇಕೆಂಬವನಿಗೆ ವಾಣಿಜ್ಯವು ಹತ್ತಿರದ ದಾರಿ. ಐದು ವರ್ಷದ ಕಾನೂನು ವ್ಯಾಸಂಗಕ್ಕೆ ಕಲೆ, ವಾಣಿಜ್ಯ, ವಿಜ್ಞಾನ ಯಾವುದನ್ನು ಓದಿದವರೂ ಹೋಗಬಹುದು. ಪಿ.ಯು.ಸಿ. ಬೇಡವೆಂಬವರಿಗೆ ಮೂರು ವರ್ಷದ ಡಿಪ್ಲೊಮಾ ಉಂಟು. ಅದನ್ನು ಮುಗಿಸಿದವರು ಡಿ.ಸಿ.ಇ.ಟಿ. ಬರೆದು ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ರಾಜಾಜಿನಗರದಲ್ಲಿರುವ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದಲ್ಲಿ, ಮೂರು ವರ್ಷ ಪಾಠ, ಒಂದು ವರ್ಷ ಕಾರ್ಖಾನೆಯ ಅಭ್ಯಾಸ ಎಂಬ ಕ್ರಮದಿಂದ ಅಚ್ಚುಪಡಿ ತಯಾರಿಕೆಯನ್ನು ಕಲಿಸುತ್ತಾರೆ. ಕೈಕೆಲಸದಲ್ಲಿ ಮನಸ್ಸಿರುವ ಹುಡುಗರ ತಂದೆಗಳು ಅದನ್ನೊಮ್ಮೆ ಹೋಗಿ ನೋಡುವುದು ಒಳಿತು.

“ವಿಜ್ಞಾನ ತೆಗೆದುಕೊಂಡರೆ ಮುಂದೆ ಯಾವ ಕಡೆಗಾದರೂ ತಿರುಗಬಹುದು, ಕಲೆ ವಾಣಿಜ್ಯಗಳಿಂದ ವಿಜ್ಞಾನಕ್ಕೆ ಮರಳಲಾಗದು, ಆದುದರಿಂದ ಎಲ್ಲರಿಗೂ ವಿಜ್ಞಾನವೇ ಲೇಸು” ಎಂದು ವಾದಿಸುವವರುಂಟು. ಮೊದಲೆರಡು ಮಾತುಗಳು ಬಹುಮಟ್ಟಿಗೆ ನಿಜ. ಮೂರನೆಯದು ಅವುಗಳಿಂದ ಸಿದ್ಧಿಸುವುದಿಲ್ಲ. ಒಳಮನೆಗೆ ಹತ್ತು ಬಾಗಿಲುಗಳಿದ್ದರೂ, ಹೊಸ್ತಿಲನ್ನು ಎಡವಿ ಬಿದ್ದವನಿಗೆ ಅವುಗಳಿಂದ ಏನು ಪ್ರಯೋಜನ?

ಇನ್ನು ಕಾಗದಪತ್ರಗಳ ಮಾತು. ಇದು ನೀರಸವೆಂದು ವಾಚಕರು ಬೇಸರಿಸಬಾರದು. ನಾವು ಕಂಡಂತೆ ಬುದ್ಧಿಯ ಕೊರತೆಯಿಂದ ಕೆಟ್ಟವರಿಗಿಂತ ಒಂದಕ್ಷರದ ವ್ಯತ್ಯಾಸದಿಂದ ಅಲೆದವರೇ ಹೆಚ್ಚು. ಕೆಲವು ವರ್ಷಗಳ ಕೆಳಗೆ ರಾಜಾನುಕುಂಟೆಯ ಕಡೆಯಿಂದ ಬರುತ್ತಿದ್ದ ಒಬ್ಬ ಹುಡುಗಿಯು ನಮ್ಮ ತರಗತಿಯಲ್ಲಿದ್ದಳು. ಒಳ್ಳೆಯ ಅಂಕಗಳನ್ನು ಪಡೆದಳು. ಆದರೆ ಶಾಲೆಯ ದಾಖಲೆಯಲ್ಲಿ ಅವಳ ಹೆಸರು ಒಂದು ಬಗೆ, ಆಧಾರ್ ಚೀಟಿಯಲ್ಲಿ ಇನ್ನೊಂದು ಬಗೆ, ಜಾತಿ ಪ್ರಮಾಣಪತ್ರದಲ್ಲಿ ಮತ್ತೊಂದು ಬಗೆ. ಪರೀಕ್ಷೆಗೆ ಹೆಸರು ಕಳುಹಿಸುವ ಮೊದಲು ಪಟ್ಟಿಯನ್ನು ಪರಿಶೀಲಿಸಿ ಸಹಿ ಹಾಕಿದವರು ನಾವೇ. ಅವಳ ತಂದೆಯು ಕೆಲಸ ಬಿಟ್ಟು ಕಚೇರಿಯಿಂದ ಕಚೇರಿಗೆ ತಿರುಗಿದರು. ಕಾಲೇಜಿನಲ್ಲಿ ಸ್ಥಳ ಸಿಕ್ಕಿತು. ವಿದ್ಯಾರ್ಥಿನಿಲಯದ ಕಾಲವು ಮೀರಿಹೋಗಿತ್ತು. ಎರಡು ವರ್ಷವೂ ಅವಳು ಮುಂಜಾನೆಯ ಬಸ್ಸು ಹಿಡಿದು, ಕತ್ತಲಾದ ಮೇಲೆ ಮನೆ ಸೇರಿ ಓದಿದಳು. ನಮ್ಮ ಹತ್ತು ನಿಮಿಷದ ಅಲಕ್ಷ್ಯಕ್ಕೆ ಅವಳು ತೆತ್ತ ಬೆಲೆಯು ಅದು.

ಆದುದರಿಂದ ಒಂಬತ್ತನೆಯ ತರಗತಿಯ ಬೇಸಗೆ ರಜೆಯಲ್ಲಿ ಮೂರು ಪತ್ರಗಳನ್ನು ಎದುರಿಗಿಟ್ಟುಕೊಂಡು ಹೆಸರು, ತಂದೆತಾಯಿಗಳ ಹೆಸರು, ಹುಟ್ಟಿದ ದಿನ ಇವು ಅಕ್ಷರಶಃ ಹೊಂದುತ್ತವೆಯೆ ಎಂದು ನೋಡಿ. ಹೊಂದದಿದ್ದರೆ, ಹತ್ತನೆಯ ತರಗತಿಯ ಪರೀಕ್ಷೆಗೆ ಹೆಸರು ನೋಂದಾಯಿಸುವ ಮುನ್ನವೇ ಮುಖ್ಯೋಪಾಧ್ಯಾಯರನ್ನು ಕಾಣಿ. ಅಂಕಪಟ್ಟಿಯು ಅಚ್ಚಾದ ಮೇಲೆ ತಿದ್ದಿಸುವುದು ಬಹಳ ಪ್ರಯಾಸ. ಜಾತಿ ಮತ್ತು ಆದಾಯದ ಪ್ರಮಾಣಪತ್ರಗಳನ್ನು ನಾಡಕಚೇರಿಯಲ್ಲಿ ಮೊದಲೇ ಪಡೆದು, ಅವುಗಳ ಮೇಲಿರುವ ಆರ್.ಡಿ. ಸಂಖ್ಯೆಯನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಶಾಲೆಯ ಸ್ಯಾಟ್ಸ್ ಸಂಖ್ಯೆಯನ್ನೂ ಅದರಲ್ಲಿಯೇ ಬರೆಯಿರಿ. ವಿದ್ಯಾರ್ಥಿವೇತನಕ್ಕೆ ಮಗುವಿನ ಹೆಸರಿನಲ್ಲಿ ಆಧಾರ್‌ಗೆ ಜೋಡಿಸಿದ ಬ್ಯಾಂಕ್ ಖಾತೆ ಬೇಕು. ಅರ್ಜಿಯಲ್ಲಿ ಕೊಡುವ ಮೊಬೈಲ್ ಸಂಖ್ಯೆಯು ಮನೆಯಲ್ಲಿಯೇ ಉಳಿಯತಕ್ಕದ್ದಾಗಿರಲಿ. ಅರ್ಜಿ ತುಂಬಿಕೊಟ್ಟ ಸೈಬರ್ ಅಂಗಡಿಯವನದಾಗಬಾರದು.

ಹಳ್ಳಿಯ ಗೃಹಸ್ಥರಿಗೆ ಇನ್ನೊಂದು ಮುಖ್ಯವಾದ ಮಾತು. ವೃತ್ತಿಶಿಕ್ಷಣದ ಸೀಟುಗಳಲ್ಲಿ, 1ರಿಂದ 10ನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದ ಶಾಲೆಗಳಲ್ಲಿ ಓದಿದವರಿಗೆ ಶೇಕಡಾ 15ರಷ್ಟೂ, ಅದೇ ತರಗತಿಗಳನ್ನು ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5ರಷ್ಟೂ ಮೀಸಲಾತಿಯುಂಟು. ಒಳ್ಳೆಯ ತರಬೇತಿ ಸಿಕ್ಕೀತೆಂದು ಮಗುವನ್ನು ಒಂಬತ್ತರಲ್ಲಿಯೋ ಹತ್ತರಲ್ಲಿಯೋ ಪಟ್ಟಣದ ಇಂಗ್ಲಿಷ್ ಶಾಲೆಗೆ ತಂದು ಸೇರಿಸುವವರು, ಎಂಟು ವರ್ಷ ಗಳಿಸಿದ ಈ ಹಕ್ಕನ್ನು ತಮಗರಿವಿಲ್ಲದೆಯೇ ಬಿಟ್ಟುಕೊಡುತ್ತಾರೆ. ಮುಂದಾಲೋಚನೆಯು ಒಂಬತ್ತಕ್ಕೇ ಆರಂಭವಾಗಲೆಂದು ನಾವು ಹೇಳಲು ಇದೂ ಒಂದು ಕಾರಣ.

ಹತ್ತನೆಯ ತರಗತಿಯ ದಸರಾ ರಜೆಯು ಕಾಲೇಜುಗಳನ್ನು ನೋಡಿಬರಲು ತಕ್ಕ ಸಮಯ. ಮೂರನ್ನೋ ನಾಲ್ಕನ್ನೋ ನೋಡಿದರೆ ಸಾಕು. ಅವುಗಳಲ್ಲಿ ಒಂದಾದರೂ ಸರ್ಕಾರಿ ಪದವಿಪೂರ್ವ ಕಾಲೇಜಾಗಿರಲಿ. ಗೋಡೆಯ ಮೇಲಿನ ಭಾವಚಿತ್ರಗಳನ್ನು ನೋಡಬೇಡಿ. ಪ್ರಯೋಗಶಾಲೆಯ ಬಾಗಿಲು ತೆರೆದಿದೆಯೆ, ಪುಸ್ತಕಾಲಯದಲ್ಲಿ ಯಾರಾದರೂ ಕುಳಿತಿದ್ದಾರೆಯೆ, ಉಪಾಧ್ಯಾಯರು ವರ್ಷದ ನಡುವೆ ಬದಲಾಗುತ್ತಾರೆಯೆ ಎಂದು ವಿಚಾರಿಸಿ. ಪದವಿಪೂರ್ವ ಶಿಕ್ಷಣ ಇಲಾಖೆಯ ಮಾನ್ಯತೆಯುಂಟೆ, ಅಂಕಪಟ್ಟಿಯ ಮೇಲೆ ಅಚ್ಚಾಗುವ ಕಾಲೇಜಿನ ಹೆಸರು ಯಾವುದು ಎಂದು ಕೇಳಿ. ಪಾಠವು ಒಂದು ಕಡೆ, ಹಾಜರಿಯು ಇನ್ನೊಂದು ಕಡೆ ಎಂಬ ವ್ಯವಸ್ಥೆಗೆ ಮಗುವನ್ನು ಒಪ್ಪಿಸಬೇಡಿ. ರಜೆ ಮುಗಿದ ಮೇಲೆ ಒಂದು ದಿನ ಬೆಳಗ್ಗೆ ಯಲಹಂಕದಲ್ಲಿ ಬಸ್ಸು ಹತ್ತಿ, ಹೆಬ್ಬಾಳದ ಮೇಲ್ಸೇತುವೆಯನ್ನು ದಾಟಿ, ಮಲ್ಲೇಶ್ವರದವರೆಗೆ ನೀವೇ ಹೋಗಿಬನ್ನಿ. ದಿನವೂ ಮೂರು ಗಂಟೆಯನ್ನು ರಸ್ತೆಗೆ ಕೊಡುವ ಮಗುವು, ಹೆಸರಾಂತ ಕಾಲೇಜಿನಲ್ಲಿ ಓದಿದರೂ, ಮನೆಯ ಹತ್ತಿರದ ಸಾಧಾರಣ ಕಾಲೇಜಿನಲ್ಲಿ ಓದಿ ಸಾಯಂಕಾಲ ಪುಸ್ತಕ ಹಿಡಿಯುವ ಮಗುವಿಗಿಂತ ಹಿಂದಾಗಬಹುದು.

ಮುಂಗಡದ ವಿಷಯ. ಕೆಲವು ಸಂಸ್ಥೆಗಳವರು ಫಲಿತಾಂಶಕ್ಕೆ ಬಹಳ ಮೊದಲೇ ಹಣ ಕಟ್ಟಿಸಿಕೊಳ್ಳುತ್ತಾರೆ. “ಇನ್ನು ಹತ್ತೇ ಸೀಟುಗಳಿವೆ” ಎಂಬ ಮಾತು ಕಾರ್ತಿಕದಲ್ಲಿಯೂ ಕೇಳುತ್ತದೆ, ವೈಶಾಖದಲ್ಲಿಯೂ ಕೇಳುತ್ತದೆ! ನಾವು ಬಲ್ಲ ಒಬ್ಬರು ಹಾಗೆ ಹಣ ಕಟ್ಟಿದ್ದರು; ಮಗಳು ವಾಣಿಜ್ಯವೇ ಬೇಕೆಂದು ಹಟಹಿಡಿಯಲು ಹಣವನ್ನು ಮರಳಿ ಕೇಳಿದರು; ರಸೀದಿಯ ಬೆನ್ನಿನ ಮೇಲೆ ಸಣ್ಣಕ್ಷರದಲ್ಲಿ ಮರಳಿಸಲಾಗದೆಂದು ಅಚ್ಚಾಗಿದ್ದುದನ್ನು ಆಗ ಮೊದಲಬಾರಿ ಓದಿದರು. ಹಣಕ್ಕಿಂತ ಹೆಚ್ಚಿನ ಕೇಡೊಂದುಂಟು. ಹಣ ಕಟ್ಟಿದ ತಂದೆಯ ಕಿವಿಗೆ ಮಗುವಿನ ಮಾತು ಕೇಳಿಸದು. ಕಟ್ಟಿದ ಹಣವೇ ಮಾತಾಡತೊಡಗುತ್ತದೆ. ಕಟ್ಟಲೇಬೇಕಾದ ಪ್ರಸಂಗ ಬಂದರೆ, ಎಷ್ಟು ಮರಳುತ್ತದೆ, ಎಂದಿನವರೆಗೆ ಮರಳುತ್ತದೆ ಎಂಬುದನ್ನು ಬರೆಹದಲ್ಲಿ ಪಡೆಯಿರಿ.

ಭಾಷೆಯ ವಿಷಯದಲ್ಲಿಯೂ ಒಂದು ಮಾತು. ಹತ್ತು ವರ್ಷ ಕನ್ನಡವನ್ನು ಓದಿದ ಮಕ್ಕಳು ಪಿ.ಯು.ಸಿ.ಯಲ್ಲಿ ಅದನ್ನು ಬಿಟ್ಟು ಅಂಕಗಳಿಗಾಗಿ ಸಂಸ್ಕೃತಕ್ಕೆ ಬರುವುದುಂಟು. ಸಂಸ್ಕೃತವು ನಮಗೆ ಅನ್ನವನ್ನಿತ್ತ ವಿದ್ಯೆ. ಅದನ್ನು ಪ್ರೀತಿಸಿ ಬರುವ ಮಗುವಿಗೆ ನಮ್ಮ ಮನೆಯ ಬಾಗಿಲು ಯಾವಾಗಲೂ ತೆರೆದಿದೆ. ಆದರೆ ಶಬ್ದರೂಪಗಳನ್ನು ಕಲಿಯದೆ ಅಂಕಗಳನ್ನು ಮಾತ್ರ ಕೊಂಡೊಯ್ಯುವವನಿಗೆ ಸಂಸ್ಕೃತವೂ ದಕ್ಕದು, ಕನ್ನಡವೂ ಉಳಿಯದು.

ಅಂಕಗಳು ಎಣಿಸಿದಷ್ಟು ಬಾರದಿದ್ದರೆ? 625ರಲ್ಲಿ ಎಷ್ಟೇ ಬರಲಿ, ಆ ದಿನ ಮನೆಯಲ್ಲಿ ಎಂದಿನಂತೆ ಅಡಿಗೆಯಾಗಬೇಕು, ಎಂದಿನಂತೆ ಮಾತು ನಡೆಯಬೇಕು. 2024ರಿಂದ ರಾಜ್ಯದ ಮಂಡಳಿಯು ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆಗೆ ಕುಳಿತುಕೊಳ್ಳುವ ಅವಕಾಶವನ್ನು ಕೊಟ್ಟಿದೆ; ಮುಂದಿನ ವರ್ಷಕ್ಕಾಗಿ ಕಾದು ಕುಳಿತಿರಬೇಕಾಗಿಲ್ಲ. ಮೊದಲೇ ಎರಡು ಮೂರು ದಾರಿಗಳನ್ನು ನೋಡಿಟ್ಟ ಮನೆಯವರು, ಒಂದು ದಾರಿ ಮುಚ್ಚಿದರೆ ಇನ್ನೊಂದನ್ನು ಹಿಡಿಯಬಲ್ಲರು. ಒಂದನ್ನೇ ನಂಬಿ ಹಣ ಕಟ್ಟಿದವರು ಮಗುವಿನ ಮೇಲೆ ಸಿಟ್ಟಾಗುತ್ತಾರೆ. ಮುಂದಾಲೋಚನೆಯ ನಿಜವಾದ ಪ್ರಯೋಜನವು ಇದೇ.

ಆ ದಂಪತಿಗಳಿಗೆ ನಾವು ಇಷ್ಟನ್ನೇ ಹೇಳಿ, “ನೀವು ತಡಮಾಡಿಲ್ಲ, ಸರಿಯಾದ ಕಾಲಕ್ಕೇ ಬಂದಿದ್ದೀರಿ. ನಮ್ಮನ್ನು ಕೇಳಿದ್ದಾಯಿತು, ಇನ್ನು ಇವಳನ್ನು ಕೇಳಿ” ಎಂದು ಬೀಳ್ಕೊಟ್ಟೆವು. ಎರಡು ವಾರಗಳು ಕಳೆದವು. ಒಂದು ಭಾನುವಾರ ಆ ಹುಡುಗಿಯು ಒಬ್ಬಳೇ ಬಂದಳು. ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಕೃಷಿಮೇಳಕ್ಕೆ ತಂದೆಯೊಡನೆ ಹೋಗಿದ್ದಳಂತೆ. ಅಲ್ಲಿ ಜೇನುಪೆಟ್ಟಿಗೆಗಳನ್ನೂ, ಬೆಳೆಗೆ ಬೀಳುವ ಹುಳುಗಳನ್ನೂ ನೋಡಿ ಬಂದವಳಿಗೆ ಒಂದು ಸಂದೇಹ ಉಂಟಾಗಿತ್ತು. “ತಾತ, ಹುಳುಗಳನ್ನೇ ಓದುವ ಓದು ನಿಜವಾಗಿ ಇದೆಯೆ? ಹುಡುಗಿಯರೂ ಓದಬಹುದೆ?” ಎಂದಳು.

ಇದೆಯೆಂದೆವು, ಕೃಷಿ ಪದವಿಗೆ ಎಷ್ಟೋ ಜನ ಹುಡುಗಿಯರು ಹೋಗುತ್ತಾರೆಂದೆವು. ಅದಕ್ಕೆ ಪಿ.ಯು.ಸಿ.ಯಲ್ಲಿ ಭೌತ, ರಸಾಯನ, ಗಣಿತ, ಜೀವಶಾಸ್ತ್ರಗಳನ್ನು ತೆಗೆದುಕೊಂಡು ಸಿ.ಇ.ಟಿ. ಬರೆಯಬೇಕು, ಎರಡಕ್ಕೂ ಸಮನಾದ ಬೆಲೆಯುಂಟು ಎಂಬುದನ್ನು ಹೇಳಿದೆವು. ಅವಳು ಪುಸ್ತಕದ ಕೊನೆಯ ಹಾಳೆಯಲ್ಲಿ ಎಲ್ಲವನ್ನೂ ಬರೆದುಕೊಂಡಳು. ನಮ್ಮ ಮಗನಿಗೆ ನಾವು ಬರೆದ ವಿಷಯಗಳೇ ಅವು, ಅದೇ ನಾಲ್ಕು. ಈ ಸಲ ಬರೆದ ಕೈ ಮಾತ್ರ ಬೇರೆ.